ಐದು ಗ್ರಾಂ

"ಒಬ್ರೇನಾ?" ಎಂದ ಶೇಷಗಿರಿ ಪೈ,
ನನ್ನ ಬೆನ್ನ ಹಿಂದೆ ಬಾಗಿಲಾಚೆ ಇಣುಕುತ್ತ.
ದುರ್ಗಿಗುಡಿಯ ಓಣಿಯೊಳಗಿನ ಲಾಡ್ಜು, ರಾತ್ರಿ ಒಂಬತ್ತೂಕಾಲು.
ರಿಜಿಸ್ಟರಿನ "ಬಂದ ಕಾರಣ" ಕಾಲಮ್ಮಿನ ಮೇಲೆ
ಬೆರಳಿಟ್ಟು ಕಾದ.
ತೂಕ ಮತ್ತು ಅಳತೆ ಇಲಾಖೆ, ಇನ್ಸ್‌ಪೆಕ್ಟರ್ ಎಂದು ಬರೆದೆ.
ಮೇಜಿನ ಫ್ಯಾನು ನನ್ನ ಕಡೆ ತಿರುಗಿತು.
"ಮೇಡಮ್ಮಿಗೆ ರೋಡ್ ಸೈಡು ಬೇಡ, ಗಲಾಟೆ, ಹಿಂದುಗಡೆ ಕೊಡು."

ಯಾರಿಗೋ ಹೇಳಿದ. ಆ ಯಾರೋ
ನನ್ನ ಪೆಟ್ಟಿಗೆ ಎತ್ತಲು ಹೋಗಿ ಕೂತೇಬಿಟ್ಟ.
"ಏನ್ ಮೇಡಮ್ ಇದು, ಕಲ್ಲಾ?"
ಹೌದು ಕಲ್ಲೇ, ತೂಕದ ಕಲ್ಲು ಅಂದೆ.
ಅಷ್ಟಕ್ಕೇ ನಕ್ಕ. ಮೆಟ್ಟಿಲು ಮುಗಿಯುವ ತನಕ ಮಾತು:
ನಲ್ಲಿ ಎಡಕ್ಕೆ ತಿರುಗಿಸಬೇಕು, ಬಲಕ್ಕಲ್ಲ;
ಬಚ್ಚಲ ಚಿಲಕ ನಂಬಬೇಡಿ, ಬಕೆಟ್ ಅಡ್ಡ ಇಡಿ;
ಮೂಲೆ ಮೆಸ್ಸಿನ ಕಡುಬು ಏಳೂವರೆಗೇ ಖಾಲಿ;
ರಾತ್ರಿ ಯಾರಾದ್ರೂ ಬಡಿದ್ರೆ ತೆಗೀಬೇಡಿ,
ನಾನಾದ್ರೆ ಮೊದಲು ಕೆಮ್ತೀನಿ.

ಹದಿನಾಲ್ಕು ವರ್ಷ ಊರೂರಿನ ಲಾಡ್ಜುಗಳಲ್ಲಿ ಮಲಗಿದ್ದೇನೆ.
ಆ ರಾತ್ರಿ ಬಾಗಿಲಿಗೆ ಕುರ್ಚಿ ಒತ್ತಿ ಇಡಲಿಲ್ಲ.

ಮೂರನೆಯ ದಿನ ಆರಕ್ಕೆ ಬಿಸಿನೀರು ಬರಲಿಲ್ಲ.
ಆರೂ ಮೂವತ್ತೈದಕ್ಕೆ ಬಂತು, ಉಗುರುಬೆಚ್ಚಗೆ.
ಅವತ್ತು ಗಾಂಧಿ ಬಜಾರಿನ ಚಿನ್ನದಂಗಡಿಗಳ ತಪಾಸಣೆ;
ನಾನು ತಡವಾದರೆ ತಕ್ಕಡಿಗಳೂ ಎಚ್ಚರಗೊಳ್ಳುತ್ತವೆ.
ಕೌಂಟರಿನ ದೂರು ಪುಸ್ತಕ ಎಳೆದು
ಕಚೇರಿಯ ಕನ್ನಡದಲ್ಲಿ ಬರೆದೆ:
"ರೂಂ ಬಾಯ್, ೩೫ ನಿಮಿಷ ವಿಳಂಬ. ಸೂಕ್ತ ಕ್ರಮ ಕೈಗೊಳ್ಳುವುದು."
ಬರೆದು ಮರೆತೆ. ಅಂಥವು ದಿನಕ್ಕೆ ಹತ್ತು ಬರೆಯುತ್ತೇನೆ.

ಸಂಜೆ ಒಳಗೆ ಬಂದರೆ ಪೈ ಕೂಗುತ್ತಿದ್ದ.
"ಹಾಲೇಶಾ! ನಿಂಗೆ ಅನ್ನ ಹಾಕೋದು ಯಾರೋ, ನಿಮ್ಮಪ್ಪನಾ?
ಅರ್ಧ ದಿನದ ಸಂಬಳ ಹೋಯ್ತು ಅಂತ ತಿಳ್ಕೋ.
ಓದು, ಮೇಡಮ್ ಏನ್ ಬರ್ದಿದ್ದಾರೆ, ಗಟ್ಟಿಯಾಗಿ ಓದು."
ಟೀವಿ ನೋಡುತ್ತಿದ್ದ ಇಬ್ಬರು
ಟೀವಿ ಬಿಟ್ಟು ಅವನನ್ನು ನೋಡಿದರು.
ಅವನು ಓದಿದ. "ವಿಳಂಬ"ದಲ್ಲಿ ತಡವರಿಸಿದ.
ತಡ ಯಾಕಾಯಿತೆಂದು ಪೈ ಕೇಳಲಿಲ್ಲ, ನಾನೂ ಕೇಳಿರಲಿಲ್ಲ.
ಪುಸ್ತಕದಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಅವನಿಗೊಂದು ಹೆಸರಿದೆಯೆಂದು
ನನಗೆ ಗೊತ್ತಾದದ್ದು ಹೀಗೆ.

ಮರುದಿನದಿಂದ ಸರಿಯಾಗಿ ಆರಕ್ಕೆ ನೀರು.
ಗಡಿಯಾರ ನೋಡಿದೆ, ಅಭ್ಯಾಸ; ಒಂದು ನಿಮಿಷ ಅತ್ತಿತ್ತಲಿಲ್ಲ.
ಕೆಮ್ಮಲಿಲ್ಲ. ಬಡಿದ, ಇಟ್ಟ, ಹೋದ.
ದಿಂಬಿಗೆ ಹೊಸ ಗವಸು, ಪೇಪರು ನಾಲ್ಕು ಮಡಿಕೆ,
ಕನ್ನಡಿಯ ಮೇಲೆ ಯಾರ್‍ಯಾರೋ ಅಂಟಿಸಿ ಹೋದ ಬಿಂದಿಗಳನ್ನೂ
ಕೆರೆದು ತೆಗೆದಿದ್ದ.
ನೀರು ಮೈ ಸುಡುತ್ತಿತ್ತು.
ಪೈ ದಿನಾ ಎದ್ದು ನಿಂತು ನಮಸ್ಕಾರ ಹೇಳುವನು,
ನಾನು ಆ ನಮಸ್ಕಾರದ ಪಕ್ಕದಿಂದ ಜಾರಿಕೊಳ್ಳುವೆನು.
ಇಲಾಖೆಯ ಮಾನದಂಡದಲ್ಲಿ ಹೇಳುವುದಾದರೆ
ಲೋಪವೇನೂ ಕಂಡುಬಂದಿಲ್ಲ.
ಕುರ್ಚಿ ಮತ್ತೆ ಬಾಗಿಲಿಗೆ ಹೋಯಿತು,
ಯಾರಿಗೆ ಹೆದರಿ ಎಂದು ಹೇಳಲಾರೆ.

ಹೊರಡುವ ದಿನ ತೀರ್ಥಹಳ್ಳಿ ಬಸ್ಸು
ಆಗಲೇ ಗುರುಗುಟ್ಟುತ್ತಿತ್ತು.
ಕಿಟಕಿಯ ಕೆಳಗೆ ಯಾರೋ ಕೆಮ್ಮಿದರು.
ಹಾಲೇಶ. ಚಾಚಿದ ಅಂಗೈಯಲ್ಲಿ ಹಿತ್ತಾಳೆಯ ಚೂರು,
ಐದು ಗ್ರಾಮಿನ ಬಟ್ಟು.
"ಮಂಚದ ಕೆಳಗಿತ್ತು. ಇಷ್ಟು ಹಗುರ ಆಗಿದ್ದು
ಪೆಟ್ಟಿಗೆ ಎತ್ತಿದ್ರೆ ಗೊತ್ತಾಗಲ್ಲ."
ಗೊತ್ತಾಗಿರಲಿಲ್ಲ.

ಪರ್ಸು ತೆಗೆದೆ. ಮೊದಲು ನೂರರ ನೋಟು ಸಿಕ್ಕಿತು, ಆಮೇಲೆ ಐನೂರರದು.
ಯಾವುದು ಸರಿತೂಗೀತು ಎಂದು ನಾನು ನೋಡುವಷ್ಟರಲ್ಲಿ
"ಹನ್ನೊಂದನೇ ರೂಮಿಗೆ ನೀರು ಹೊರ್ಬೇಕು" ಎಂದು
ಬಸ್ಸಿಗೆ ಅಡ್ಡವಾಗಿಯೇ ಓಡಿದ.
ಡ್ರೈವರು ಬೈದ, ಅದು ಅವನಿಗೆ ಕೇಳಿಸಿತೋ ಇಲ್ಲವೋ.

ಮಂಡಗದ್ದೆ ದಾಟಿದರೂ ಬಟ್ಟು ಮುಷ್ಟಿಯಲ್ಲೇ ಇತ್ತು,
ಬೆಚ್ಚಗೆ, ಅವನ ಬಿಸಿಯೋ ನನ್ನದೋ.
ಬರಿಗೈಯಲ್ಲಿ ಮುಟ್ಟಬಾರದು ಅದನ್ನು;
ಬೆವರು ಹತ್ತಿದರೆ ತೂಕ ಕೆಡುತ್ತದೆಂದು
ತರಬೇತಿಗೆ ಬಂದ ಹೊಸಬರಿಗೆ
ಹೇಳಿಕೊಡುವವಳು ನಾನೇ.